ಗುಡ್ಡದ ಬೆಂಕಿ ಮತ್ತು ನಮ್ಮ ಮನೆಯ ಡೆಕ್

(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ಸಲ ನಾನು ಡೆಕ್ ಬಗ್ಗೆ ಮಾತಾಡ್ತೀನಿ ಅಂತ ಹೇಳಿದಾಗ ನಮ್ಮ ಕಾರ್ಯದರ್ಶಿಯವರು "ಹಳೇ ಟೇಪ್ ಡೆಕ್ಕಾ?" ಅಂತ ಕೇಳಿದರು. ಅಲ್ಲ. ಮನೆಯ ಹಿಂದೆ, ಟೆರೇಸಿನಲ್ಲಿ ಅಥವಾ ಬಾಲ್ಕನಿಯಲ್ಲಿ ಹಲಗೆಗಳನ್ನು ಸ್ವಲ್ಪ ಸ್ವಲ್ಪ ಸಂದು ಬಿಟ್ಟು ಜೋಡಿಸಿ ಮಾಡ್ತಾರಲ್ಲ, ಆ ಕಟ್ಟೆಯಂಥ ಜಾಗ. ಪುಣೆಯಲ್ಲಿ ಈಗ ಯಾವ ಹೊಸ ಮನೆಗೆ ಗೃಹಪ್ರವೇಶಕ್ಕೆ ಹೋದರೂ ಒಂದು ಡೆಕ್ ತೋರಿಸ್ತಾರೆ. ನಮ್ಮನೆಯಲ್ಲೂ ಇತ್ತು.

ಮೊದಲೇ ಹೇಳಿಬಿಡ್ತೀನಿ, ನಾನು ಎಂಟೆಕ್ ಮಾಡಿದ್ದು ಕಂಪ್ಯೂಟರ್ ಸೈನ್ಸಿನಲ್ಲಿ. ಕಟ್ಟಡದ ಎಂಜಿನಿಯರ್ ಅಲ್ಲ, ಅಗ್ನಿಶಾಮಕದವಳೂ ಅಲ್ಲ. ಇಲ್ಲಿ ಹೇಳೋದೆಲ್ಲ ಒಂದು ತಪ್ಪು ಮಾಡಿದ ಮೇಲೆ ಕಲಿತದ್ದು.

ನಮ್ಮದು ಬಾವಧನ್ ಕಡೆ ಒಂದು ರೋ ಹೌಸ್. ಹಿಂದಿನ ಕಾಂಪೌಂಡ್ ದಾಟಿದರೆ ಗುಡ್ಡ ಶುರು. ಮಳೆಗಾಲದಲ್ಲಿ ಅದನ್ನು ನೋಡಬೇಕು, ಕೊಡಗಿಗೆ ಯಾಕೆ ಹೋಗಬೇಕು ಅನ್ನಿಸುತ್ತೆ. ಫೆಬ್ರವರಿ ಬಂದರೆ ಅದೇ ಗುಡ್ಡ ಒಣಹುಲ್ಲಿನ ಬಣವೆ. ನನ್ನ ಮಾವನವರಿಗೆ ಪಾರ್ಶ್ವವಾಯು ಆದಮೇಲೆ ವಾಕರ್ ಹಿಡಿದೇ ಓಡಾಟ. ಧಾರವಾಡದಲ್ಲಿ ದಿನಾ ಸಂಜೆ ಕರ್ನಾಟಕ ಕಾಲೇಜಿನ ಮೈದಾನಕ್ಕೆ ನಾಲ್ಕು ಸುತ್ತು ಹಾಕುತ್ತಿದ್ದ ಮನುಷ್ಯ. ಇಲ್ಲಿ ಅವರ ಕೋಣೆಯಿಂದ ಹಿತ್ತಲಿಗೆ ಇಳಿಯಲು ಎರಡು ಮೆಟ್ಟಿಲು, ಆ ಎರಡು ಮೆಟ್ಟಿಲೇ ಅವರಿಗೆ ಬೆಟ್ಟ. ಅದಕ್ಕೇ ಕೋಣೆಯ ನೆಲದ ಮಟ್ಟಕ್ಕೆ ಸರಿಯಾಗಿ, 14 ಅಡಿ ಉದ್ದ 10 ಅಡಿ ಅಗಲದ ಮರದ ಡೆಕ್ ಮಾಡಿಸಿದೆವು. ಗಾಜಿನ ಬಾಗಿಲು ಸರಿಸಿದರೆ ವಾಕರ್ ನೇರ ಹೊರಗೆ. ಅವರಿಗೆ ಮನೆಯ ಹೊರಗಿನ ಪ್ರಪಂಚ ಅಂದರೆ ಆ 140 ಚದರಡಿ. ಆದ್ದರಿಂದ "ಡೆಕ್ ಎಲ್ಲಾ ಶೋಕಿ" ಅಂತ ಯಾರಾದರೂ ಅಂದರೆ ನಾನು ಒಪ್ಪೋದಿಲ್ಲ.

ಮಾಡಿಕೊಟ್ಟವರನ್ನು ನಾನು ಒಂದು ಪ್ರಶ್ನೆ ಕೇಳಿದ್ದು ನಿಜ. "ಹಿಂದೆ ಗುಡ್ಡ ಇದೆ, ಬೆಂಕಿಗೆ ಏನೂ ಆಗಲ್ಲ ತಾನೆ?" ಅವರು "ಫೈರ್‌ಪ್ರೂಫ್ ಇದೆ ಮೇಡಂ, ಟ್ರೀಟೆಡ್ ವುಡ್" ಅಂದರು. ನಾನು ತಲೆಯಾಡಿಸಿದೆ. ಆಫೀಸಿನಲ್ಲಿ ಯಾರಾದರೂ ಎರಡು ಸಾಲು ಕೋಡ್ ಬದಲಿಸಿದರೆ ಟೆಸ್ಟ್ ರಿಪೋರ್ಟ್ ಎಲ್ಲಿ ಅಂತ ಜೀವ ತಿನ್ನುವವಳು, ಮನೆಯ ವಿಷಯದಲ್ಲಿ "ಟ್ರೀಟೆಡ್" ಅಂದರೆ ಯಾವ ಟ್ರೀಟ್‌ಮೆಂಟ್ ಅಂತಲೂ ಕೇಳಲಿಲ್ಲ. ಆಮೇಲೆ ಗೊತ್ತಾಯಿತು, ಅದು ಶಾಖದಲ್ಲಿ ಹದಗೊಳಿಸಿದ ಪೈನ್ ಮರ. ಆ ಹದ ಮಾಡೋದು ಮರ ಕೊಳೆಯಬಾರದು, ಮಳೆಗೆ ಉಬ್ಬಿ ಸೊಟ್ಟ ಆಗಬಾರದು ಅಂತ. ಬೆಂಕಿಗೂ ಅದಕ್ಕೂ ಸಂಬಂಧವೇ ಇಲ್ಲ. ಗೆದ್ದಲಿನ ಔಷಧಿ ಹಾಕಿದ ಮರವೂ "ಟ್ರೀಟೆಡ್", ಬೆಂಕಿ ತಡೆಯುವ ಲವಣ ತುಂಬಿದ ಮರವೂ "ಟ್ರೀಟೆಡ್". ಶಬ್ದ ಒಂದೇ.

ಎರಡು ವರ್ಷ ಏನೂ ಆಗಲಿಲ್ಲ. ಮೂರನೇ ವರ್ಷ ಮಾರ್ಚಿನಲ್ಲಿ, ವಾರದ ನಡುವೆ ಒಂದು ಮಧ್ಯಾಹ್ನ, ಗುಡ್ಡಕ್ಕೆ ಬೆಂಕಿ ಬಿತ್ತು. ಇಲ್ಲಿ ಮರಾಠಿಯಲ್ಲಿ "ವಣವಾ" ಅಂತಾರಲ್ಲ, ಅದು. ಯಾರೋ ಕಸ ಸುಟ್ಟರೋ, ಬೀಡಿ ಎಸೆದರೋ. ಬೆಂಕಿ ಮೇಲಿನಿಂದ ನಮ್ಮ ಕಡೆ ನಿಧಾನವಾಗಿ ಇಳಿಯುತ್ತಿತ್ತು. ನಾನು ಕಾಲ್‌ನಲ್ಲಿದ್ದವಳು ಕ್ಯಾಮೆರಾ ಆಫ್ ಮಾಡಿ ಹಿತ್ತಲಿಗೆ ಬಂದೆ. ಬೀದಿಯವರೆಲ್ಲ ಕಾಂಪೌಂಡ್ ಹತ್ತಿರ ನಿಂತು ನೋಡುತ್ತಿದ್ದರು, ಮೊಬೈಲಿನಲ್ಲಿ ಹಿಡಿಯುತ್ತಿದ್ದರು. ಕೆಲವರು ಹಸಿ ಟೊಂಗೆ ಮುರಿದುಕೊಂಡು ಮೇಲೆ ಹತ್ತಿ ಬಡಿದು ಆರಿಸಿದರು. ಜ್ವಾಲೆ ಕಾಂಪೌಂಡಿನಿಂದ ಐವತ್ತು ಅರವತ್ತು ಅಡಿ ದೂರದಲ್ಲೇ ನಿಂತಿತು. "ಉಳಿದೆವಪ್ಪಾ" ಅಂತ ಒಳಗೆ ಬಂದು ಮತ್ತೆ ಕಾಲ್‌ಗೆ ಕೂತೆ.

ಅರ್ಧ ಗಂಟೆ ಆಗಿರಬೇಕು. ಅತ್ತೆ ಬಂದು ಬಾಗಿಲಲ್ಲಿ ನಿಂತು, "ಡೆಕ್ಕಿನ ಕೆಳಗಿಂದ ಹೊಗಿ ಬರ್ಲಿಕತ್ತದ ನೋಡಿಲ್ಲೆ" ಅಂದರು. ಅವರು ಹೇಳಿದ್ದು ಎಷ್ಟು ಸಮಾಧಾನವಾಗಿ ಅಂದರೆ, ಹಾಲು ಉಕ್ಕಿದೆ ಅಂದ ಹಾಗೆ. ಮಾವ ಆ ಗಾಜಿನ ಬಾಗಿಲಿನ ಒಳಗೇ ಮಲಗಿದ್ದರು.

ಹಲಗೆಯ ಸಂದಿನಿಂದ ನೀರು ಸುರಿದೆ. ಹೊಗೆ ಜಾಸ್ತಿ ಆಯಿತು. ಹಲಗೆ ಎತ್ತೋಣ ಅಂದರೆ ಎಲ್ಲಾ ಸ್ಕ್ರೂ ಬಿಗಿದದ್ದು. ತೋಟದ ಪೈಪು ಅಲ್ಲಿಯವರೆಗೆ ಬರಲ್ಲ. ಅತ್ತೆ ಮಾವನವರನ್ನು ಎಬ್ಬಿಸಿ ವಾಕರಿನಲ್ಲಿ ಮುಂದಿನ ಕೋಣೆಗೆ ಕರೆದುಕೊಂಡು ಹೋಗುವಷ್ಟರಲ್ಲಿ, ಪಕ್ಕದ ಮನೆಯ ಡ್ರೈವರ್ ಗುದ್ದಲಿ ತಂದು ಎರಡು ಹಲಗೆ ಒಡೆದ. ಕೆಳಗೆ ಬೆಂಕಿ ಕಾಣಿಸಿತು. ಎಂಟು ಹತ್ತು ಬಕೆಟ್ ನೀರಿನಲ್ಲಿ ಆರಿತು. ಸುಟ್ಟಿದ್ದು ಎರಡಡಿ ಜಾಗ, ಒಂದು ಅಡ್ಡ ತೊಲೆ. ಗಾಜಿನ ಬಾಗಿಲಿನ ಕೆಳಗಿನ ರಬ್ಬರ್ ಪಟ್ಟಿ ಕರಗಿ ಅಂಟಾಗಿತ್ತು. ಅಷ್ಟೇ. ಆದರೆ ಅಂದು ನಾನು ಆಫೀಸಿಗೆ ಹೋಗಿದ್ದರೆ, ಅತ್ತೆ ಗುಡಿಗೆ ಹೋಗಿದ್ದರೆ, ಅಂತ ಯೋಚಿಸಿದರೆ ಈಗಲೂ ಹೊಟ್ಟೆಯಲ್ಲಿ ಕಸಿವಿಸಿ.

ಮರುದಿನ ಹಲಗೆಗಳನ್ನೆಲ್ಲ ಬಿಚ್ಚಿಸಿದಾಗ ಕೆಳಗೆ ಸಿಕ್ಕಿದ್ದು ನೋಡಿ: ಎರಡು ವರ್ಷದ ಗುಲ್‌ಮೊಹರ್ ಎಲೆ, ಒಂದು ಹಳೆಯ ಪೇಪರ್, ಮಗನ ಪ್ಲಾಸ್ಟಿಕ್ ಚೆಂಡು, ಇಲಿಯ ಗೂಡು. ಬೆಂಕಿ ಬಂದದ್ದು ಜ್ವಾಲೆಯಾಗಿ ಅಲ್ಲ. ಗಾಳಿಯಲ್ಲಿ ಹಾರಿ ಬಂದ ಒಂದು ಕಿಡಿ, ಸಂದಿನಲ್ಲಿ ಇಳಿದು ಆ ಎಲೆಯ ಹಾಸಿಗೆಯಲ್ಲಿ ಮಲಗಿತ್ತು. ನಾವೆಲ್ಲ ಗುಡ್ಡ ನೋಡುತ್ತಾ ನಿಂತಿದ್ದಾಗ ಅದು ನಮ್ಮ ಬೆನ್ನ ಹಿಂದೆ ಇತ್ತು.

ಈಗ ಸ್ವಲ್ಪ ಆಸ್ಟ್ರೇಲಿಯಕ್ಕೆ ಹೋಗಬೇಕು. ನನ್ನ ಚಿಕ್ಕಮ್ಮನ ಮಗಳು ಮೆಲ್ಬೋರ್ನ್ ಹೊರಗೆ, ದಾಂಡೆನಾಂಗ್ ಬೆಟ್ಟಗಳ ಹತ್ತಿರ ಮನೆ ಮಾಡಿದ್ದಾಳೆ. ಅವಳಿಗೆ ಫೋನ್ ಮಾಡಿ ಅತ್ತುಕೊಂಡೆ. ಅವಳು ಕೇಳಿದ ಮೊದಲ ಪ್ರಶ್ನೆ, "ನಿಮ್ಮ ಮನೆಯ ಬಾಲ್ ಎಷ್ಟು?" ನನಗೆ ಕ್ರಿಕೆಟ್ ನೆನಪಾಯಿತು. ಅದು ಬುಷ್‌ಫೈರ್ ಅಟ್ಯಾಕ್ ಲೆವೆಲ್. 2009ರ ಫೆಬ್ರವರಿ 7ರಂದು ವಿಕ್ಟೋರಿಯಾ ರಾಜ್ಯದ ಕಾಳ್ಗಿಚ್ಚಿನಲ್ಲಿ 173 ಜನ ಸತ್ತರು. ಆ ವರ್ಷವೇ ಅಲ್ಲಿ ಎಎಸ್ 3959 ಅನ್ನುವ ಮಾನದಂಡವನ್ನು ಪರಿಷ್ಕರಿಸಿ ಹೊಸ ಮನೆಗಳಿಗೆ ಬಿಗಿಗೊಳಿಸಿದರು. ಮನೆಯ ಸುತ್ತ ಎಂಥ ಗಿಡ, ಎಷ್ಟು ದೂರ, ಎಷ್ಟು ಇಳಿಜಾರು ನೋಡಿ ಆರು ಹಂತಗಳಲ್ಲಿ ಒಂದನ್ನು ಕೊಡ್ತಾರೆ. ಕಡಿಮೆ, 12.5, 19, 29, 40, ಕೊನೆಗೆ ಜ್ವಾಲೆಯೇ ಮನೆಗೆ ತಗಲುವ ವಲಯ. ಆ ಸಂಖ್ಯೆ ಚದರ ಮೀಟರಿಗೆ ಎಷ್ಟು ಕಿಲೋವ್ಯಾಟ್ ಶಾಖ ಮನೆಗೆ ಬಡಿಯಬಹುದು ಅನ್ನುವುದು. ನಮ್ಮ ಮೇ ತಿಂಗಳ ನಡುಹಗಲ ಬಿಸಿಲು ಸುಮಾರು 1 ಕಿಲೋವ್ಯಾಟ್. 12.5 ಅಂದರೆ, ಪಕ್ಕದಲ್ಲಿ ಒಂದು ಕಿಡಿ ಇದ್ದರೆ ಸಾಮಾನ್ಯ ಮರ ಹೊತ್ತಿಕೊಳ್ಳುವ ಮಟ್ಟ.

ಅವಳ ಮನೆ 29ರದ್ದು. ಆ ಹಂತದಲ್ಲಿ ಡೆಕ್ಕಿಗೆ ಸುಡದ ವಸ್ತು ಬೇಕು, ಇಲ್ಲವೇ ಕಾಳ್ಗಿಚ್ಚು ತಾಳುವ ಮರ ಅಂತ ಒಪ್ಪಿದ್ದು ಆಗಬೇಕು. ಔಷಧಿ ಇಲ್ಲದೇ ಆ ಪರೀಕ್ಷೆ ದಾಟಿದ ಮರಗಳು ಅವರ ಪಟ್ಟಿಯಲ್ಲಿ ಏಳೇ ಏಳು. ಸ್ಪಾಟೆಡ್ ಗಮ್, ಬ್ಲ್ಯಾಕ್‌ಬಟ್, ಮೆರ್ಬಾವ್ ಇತ್ಯಾದಿ, ಎಲ್ಲಾ ಭಾರದ ಮರಗಳು. ನಾವು ತಲೆತಲಾಂತರದಿಂದ "ಸಾಗವಾನಿ ಅಂದರೆ ಸಾಗವಾನಿ" ಅಂತೀವಲ್ಲ, ಆ ಸಾಗವಾನಿ ಪಟ್ಟಿಯಲ್ಲಿ ಇಲ್ಲ! ಅದಕ್ಕೆ ಗೆದ್ದಲು ಹೆದರುತ್ತೆ, ನೀರು ಹೆದರುತ್ತೆ, ಬೆಂಕಿ ಹೆದರಲ್ಲ. ಮರ ಎಷ್ಟು ಒತ್ತೊತ್ತಾಗಿ ಭಾರವಾಗಿದೆಯೋ ಹೊತ್ತಿಕೊಳ್ಳಲು ಅಷ್ಟು ತಡ. 40ರ ಹಂತಕ್ಕೆ ಹೋದರೆ ಮರದ ಮಾತೇ ಇಲ್ಲ, ಸುಡದ್ದೇ ಬೇಕು.

ಅಲ್ಲಿನ ಸಿಎಸ್‌ಐಆರ್‌ಒ ಸಂಸ್ಥೆಯವರು ಸುಟ್ಟ ಮನೆಗಳನ್ನು ಪರಿಶೀಲಿಸಿ ಪದೇ ಪದೇ ಹೇಳುವುದು ನಮ್ಮ ಹಿತ್ತಲಿನಲ್ಲಿ ಆದದ್ದನ್ನೇ. ಹೆಚ್ಚಿನ ಮನೆಗಳನ್ನು ಹಿಡಿಯುವುದು ಮುಂದಿನ ಜ್ವಾಲೆ ಅಲ್ಲ, ಕಿಡಿ. ಅದರಿಂದ ನನಗೆ ಒಂದು ವಿಷಯ ಹೊಳೆಯಿತು. ನಾನು "ಯಾವ ಹಲಗೆ ಸುಡಲ್ಲ?" ಅಂತ ಕೇಳುತ್ತಿದ್ದೆ. ಕೇಳಬೇಕಾದ್ದು ಕಿಡಿ ಎಲ್ಲಿ ನಿಲ್ಲುತ್ತೆ, ನಿಂತರೆ ಅದಕ್ಕೆ ಏನು ಸಿಗುತ್ತೆ, ಅಲ್ಲಿಂದ ಮನೆಯ ಒಳಗೆ ಹೇಗೆ ಬರುತ್ತೆ ಅಂತ. ಕಿಡಿ ನಿಲ್ಲುವುದು ಹಲಗೆಯ ಸಂದಿನಲ್ಲಿ, ಹಲಗೆ ಗೋಡೆಗೆ ತಾಗುವ ಮೂಲೆಯಲ್ಲಿ, ಕೆಳಗಿನ ಎಲೆಯಲ್ಲಿ. ಒಳಗೆ ಬರುವುದು ಗಾಜಿನಿಂದ. ಅದಕ್ಕೇ ಆಸ್ಟ್ರೇಲಿಯದಲ್ಲಿ ಕಡಿಮೆ ಹಂತಗಳಲ್ಲೂ ಗಾಜಿನ ಬಾಗಿಲು, ಕಿಟಕಿಗಳ ಪಕ್ಕದ ಮೊದಲ 300 ಮಿಲಿಮೀಟರ್ ಡೆಕ್ಕಿಗೆ ಬೇರೆ, ಬಿಗಿ ನಿಯಮ. ಕ್ಯಾಲಿಫೋರ್ನಿಯಾದವರು ಮನೆಯ ಸುತ್ತಲಿನ ಮೊದಲ ಐದು ಅಡಿಯನ್ನು "ಸೊನ್ನೆ ವಲಯ" ಅಂತ ಕರೆದು ಅಲ್ಲಿ ಸುಡುವಂಥದ್ದು ಏನೂ ಬೇಡ ಅಂತಾರೆ. ಅವರ ಡೆಕ್ ಪರೀಕ್ಷೆಯೂ ನನಗೆ ಹಿಡಿಸಿತು. ಕೆಳಗಿನಿಂದ ಉರಿ ಹಚ್ಚಿ ನೋಡ್ತಾರೆ, ಬೇರೆಯಾಗಿ ಮೇಲೆ ಉರಿಯುವ ಕೊಳ್ಳಿ ಇಟ್ಟೂ ನೋಡ್ತಾರೆ.

ನಮ್ಮಲ್ಲಿ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೇ ಭಾಗ ಬೆಂಕಿಯದ್ದೇ. ಆದರೆ ಅದು ಮುಖ್ಯವಾಗಿ ಕಟ್ಟಡದ ಒಳಗೆ ಹುಟ್ಟುವ ಬೆಂಕಿಗೆ ಬರೆದದ್ದು. ಬೆಂಕಿ ತಡೆಯುವ ಪ್ಲೈವುಡ್‌ಗೆ ಐಎಸ್ 5509 ಇದೆ, ಅದು ಪ್ಲೈವುಡ್‌ಗೆ. ಅಂಗಡಿಯವರು ಕೆಲವೊಮ್ಮೆ ಅದನ್ನೇ ತೋರಿಸಿ ಡೆಕ್ ಹಲಗೆ ಮಾರ್ತಾರೆ, ಎಚ್ಚರ.

ಅಂಗಡಿ ಅಂದಮೇಲೆ ಡಬ್ಲ್ಯುಪಿಸಿ ಬಗ್ಗೆ ಹೇಳಲೇಬೇಕು, ಯಾಕೆಂದರೆ ಇಲ್ಲಿ ಕೂತಿರುವ ಅರ್ಧ ಜನರ ಬಾಲ್ಕನಿಯಲ್ಲಿ ಅದು ಇದೆ. ಮರದ ಪುಡಿ ಮತ್ತು ಪ್ಲಾಸ್ಟಿಕ್ ಕಲಸಿ ಮಾಡಿದ ಹಲಗೆ. ನೀರಿಗೆ ಹಾಳಾಗಲ್ಲ, ಗೆದ್ದಲು ಇಲ್ಲ, ಒಳ್ಳೆಯ ವಸ್ತು. ಆದರೆ ಪ್ಲಾಸ್ಟಿಕ್ ಯಾವುದು ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ಪಾಲಿಥಿನ್ ಆದರೆ ಅದು ಕರಗಿ, ಉರಿಯುವ ಹನಿಯಾಗಿ ಕೆಳಗೆ ಬೀಳುತ್ತೆ. ಪಿವಿಸಿ ಆದರೆ ಅಷ್ಟು ಸುಲಭಕ್ಕೆ ಉರಿಯಲ್ಲ, ಆದರೆ ಅದರ ಹೊಗೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತೆ, ಉಸಿರಾಟದ ತೊಂದರೆ ಇರುವ ಹಿರಿಯರ ಕೋಣೆಯ ಪಕ್ಕ ಅದು ಬೇಡ. ಬೆಂಕಿ ತಡೆಯುವ ರಾಸಾಯನಿಕ ಸೇರಿಸಿದ ಒಳ್ಳೆಯ ತಯಾರಿಕೆಗಳೂ ಇವೆ. ಹಾಗಾಗಿ ಬ್ರೋಷರ್ ಬೇಡ, ಪ್ರಯೋಗಾಲಯದ ವರದಿ ಕೇಳಿ. ವರದಿ ನಿಮಗೆ ಮಾರುತ್ತಿರುವ ಅದೇ ಹಲಗೆಯದ್ದಾ, ಯಾವ ಪರೀಕ್ಷೆ, ಯಾವ ವರ್ಷ, ನೋಡಿ. "ಎಎಸ್‌ಟಿಎಂ ಇ84, ಕ್ಲಾಸ್ ಎ" ಅಂತ ಇದ್ದರೆ ಮೇಲ್ಮೈಯಲ್ಲಿ ಜ್ವಾಲೆ ನಿಧಾನ ಹರಡುತ್ತೆ ಅಂತ ಅರ್ಥ. ಒಳ್ಳೆಯದೇ. ಸಂದಿನಲ್ಲಿ ಕೂತ ಕಿಡಿಯ ಬಗ್ಗೆ ಅದು ಏನೂ ಹೇಳಲ್ಲ. ನಾನು ಆಮೇಲೆ ಮೂರು ಅಂಗಡಿಯಲ್ಲಿ ವರದಿ ಕೇಳಿದೆ. ಒಬ್ಬರು ಕೊಟ್ಟರು. ಒಬ್ಬರು ಬೇರೆ ಯಾವುದೋ ಬಾಗಿಲಿನ ಹಲಗೆಯ ವರದಿ ಕೊಟ್ಟರು. ಇನ್ನೊಬ್ಬರು ಲೈಟರ್ ತೆಗೆದು ಹಲಗೆಯ ತುದಿಗೆ ಐದು ಸೆಕೆಂಡ್ ಹಿಡಿದು "ನೋಡಿ, ಹತ್ತಲಿಲ್ಲ" ಅಂದರು!

ನಡುವೆ ಒಂದು ಮಾತು. ಮರದ ಡೆಕ್ ಇರುವವರು ವರ್ಷಕ್ಕೊಮ್ಮೆ ಎಣ್ಣೆ ಹಚ್ಚಿಸ್ತೀರಿ. ಎಷ್ಟೋ ಡೆಕ್ ಎಣ್ಣೆಗಳಲ್ಲಿ ಇರುವುದು ಅಗಸೆ ಎಣ್ಣೆ, ಹೌದು, ನಮ್ಮ ಅಗಸಿ ಹಿಂಡಿಯ ಅಗಸೆಯೇ. ಆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಕಡ್ಡಿ ಗೀರದೆ ತಾನೇ ಹೊತ್ತಿಕೊಳ್ಳಬಹುದು. ಬಟ್ಟೆಯನ್ನು ಹರಡಿ ಒಣಗಿಸಿ, ಇಲ್ಲವೇ ನೀರಿನ ಡಬ್ಬಿಯಲ್ಲಿ ಹಾಕಿ.

ಸರಿ, ನಾವು ಏನು ಮಾಡಿದೆವು? ಡೆಕ್ ತೆಗೆದುಬಿಡೋಣ ಅಂತ ನನ್ನ ಗಂಡ ಹೇಳಿದರು. ಮಾವ ಏನೂ ಹೇಳಲಿಲ್ಲ. ಎರಡು ವಾರ ಗಾಜಿನ ಹಿಂದೆ ಕೂತು ಹೊರಗೆ ನೋಡುತ್ತಿದ್ದರು. ನಾನು ಸ್ಪ್ರೆಡ್‌ಶೀಟ್ ಮಾಡಿದೆ. ಮೆರ್ಬಾವ್, ಅಲ್ಯೂಮಿನಿಯಂ, ಫೈಬರ್ ಸಿಮೆಂಟ್ ಹಲಗೆ, ಸ್ಟ್ಯಾಂಡಿನ ಮೇಲೆ ಕೂರಿಸುವ ಪೋರ್ಸಲೇನ್ ಟೈಲ್. ಬೆಲೆ, ಭಾರ, ಜಾರುವಿಕೆ, ಎಲ್ಲದಕ್ಕೂ ಅಂಕ. ಅತ್ತೆ ಅದನ್ನು ನೋಡಿ, "ಶಾಬಾದಿ ಫರಶಿ ಯಾಕ ಬರದಿಲ್ಲವಾ ಇದರಾಗ?" ಅಂದರು.

ನಿಜವಾಗಿ ಬರೆದಿರಲಿಲ್ಲ! ಕಲಬುರಗಿ ಜಿಲ್ಲೆಯ ಶಹಾಬಾದಿನ ಸುಣ್ಣದ ಕಲ್ಲು. ಪುಣೆಯ ಹಳೆಯ ವಾಡೆಗಳ, ಚಾಳುಗಳ ನೆಲ ಎಲ್ಲಾ ಅದೇ. ನಮಗಿಂತ ಮೊದಲು ಈ ಊರಿಗೆ ಬಂದ ಕನ್ನಡಿಗ. ಕಲ್ಲು ಕಿಡಿಯಿಂದ ಹೊತ್ತಿಕೊಳ್ಳಲ್ಲ, ವರದಿ ಕೇಳಬೇಕಾಗಿಲ್ಲ.

ನೆಲಮಹಡಿ ಆದ್ದರಿಂದ ಭಾರದ ಚಿಂತೆ ಇರಲಿಲ್ಲ. ಇಟ್ಟಿಗೆಯ ಅಂಚು ಕಟ್ಟಿಸಿ, ಒಳಗೆ ಮುರುಮು ತುಂಬಿಸಿ ಗುದ್ದಿಸಿ, ಮೇಲೆ ಕಾಂಕ್ರೀಟು, ಅದರ ಮೇಲೆ ಫರಶಿ. ಕೆಳಗೆ ಟೊಳ್ಳೇ ಇಲ್ಲ, ಎಲೆ ಹೋಗಲು ಜಾಗವೇ ಇಲ್ಲ. ಒಂದೇ ಕಷ್ಟ, ಮಣ್ಣು ತುಂಬಿದ ಕಟ್ಟೆ ಮನೆಯ ಗೋಡೆಗೆ ತಾಗಿದರೆ ಮಳೆಗಾಲದಲ್ಲಿ ಗೋಡೆ ತೇವ ಹಿಡಿಯುತ್ತೆ. ಗೋಡೆಗೆ ವಾಟರ್‌ಪ್ರೂಫಿಂಗ್ ಮಾಡಿಸಿ, ನೆಲವನ್ನು ಹೊರಗಡೆಗೆ ಸ್ವಲ್ಪ ಇಳಿಜಾರು ಮಾಡಿಸಿ, ಬಾಗಿಲಿನ ಮುಂದೆ ಜಾಲರಿ ಹಾಕಿದ ಸಣ್ಣ ಚರಂಡಿ ಬಿಟ್ಟೆವು. ಆ ಜಾಲರಿಯೂ ಸ್ಟೀಲಿನದು. ಪಾಲಿಶ್ ಮಾಡಿದ ಕಲ್ಲು ಬೇಡ ಅಂದೆ, ವಾಕರ್ ಜಾರಬಾರದು. ಏಪ್ರಿಲಿನಲ್ಲಿ ಮಧ್ಯಾಹ್ನ ಕಾಲಿಡಲಾಗದಷ್ಟು ಕಾಯುತ್ತೆ, ಅದು ಒಪ್ಪಬೇಕು. ಮಾವನವರ ದೂರು ಬೇರೆ. ಚಳಿಗಾಲದ ಬೆಳಿಗ್ಗೆ ಮರ ಬೆಚ್ಚಗಿರುತ್ತಿತ್ತಂತೆ. ಅವರಿಗೆ ಕಾಲುಚೀಲ ಕೊಡಿಸಿದೆ.

ಫ್ಲ್ಯಾಟಿನಲ್ಲಿ ಇರುವವರು ಕಲ್ಲು ಹಾಕಿಸುವ ಮುನ್ನ ಎಂಜಿನಿಯರನ್ನು ಕೇಳಿ. ಒಂದಿಂಚು ದಪ್ಪದ ಫರಶಿಯೇ ಚದರ ಮೀಟರಿಗೆ ಅರವತ್ತು ಕಿಲೋ ಮೀರುತ್ತೆ, ಅದರ ಕೆಳಗಿನ ಗಾರೆ ಬೇರೆ. ನಿಜ ಹೇಳಬೇಕೆಂದರೆ ಬಿಲ್ಡರ್ ಹಾಕಿದ ಟೈಲ್ಸೇ ಬೆಂಕಿಗೆ ಒಳ್ಳೆಯದು. ನಾವು ಅದರ ಮೇಲೆ ಡೆಕ್ ಟೈಲು, ಅದರ ಮೇಲೆ ಪ್ಲಾಸ್ಟಿಕ್ ಹುಲ್ಲು, ಮೇಲಿಂದ ಹಸಿರು ಬಲೆ ಕಟ್ತೀವಿ. ಮೂರೂ ಉರಿಯುವಂಥವು. ಗುಡ್ಡ ಇಲ್ಲದ ಮನೆಗೂ ದೀಪಾವಳಿಯ ರಾಕೆಟ್ ಬರುತ್ತೆ. ಹಬ್ಬದ ವಾರವಾದರೂ ಆ ಹುಲ್ಲಿನ ಚಾಪೆ ಸುತ್ತಿ ಒಳಗಿಡಿ, ಒಣಗಿದ ಬಟ್ಟೆ ತೆಗೆಯಿರಿ. ಡೆಕ್ ಟೈಲುಗಳು ಬಿಚ್ಚುವಂಥವೇ ಆಗಿದ್ದರೆ ತಿಂಗಳಿಗೊಮ್ಮೆ ಎತ್ತಿ ಗುಡಿಸಿ.

ಇನ್ನು ಮುಳಶಿ, ಪಾನಶೇತ್, ಲೋಣಾವಳಾ ಕಡೆ ಜಾಗ ತೆಗೆದುಕೊಂಡವರು. ನಿಮಗೆ ನಾನು ಸ್ವಲ್ಪ ಜೋರಾಗಿಯೇ ಹೇಳ್ತೀನಿ. ಎಲ್ಲರಿಗೂ "ವ್ಯೂ" ಬೇಕು, ಆದ್ದರಿಂದ ಇಳಿಜಾರಿನ ತುದಿಯಲ್ಲಿ ಮನೆ, ಗಾಳಿಯಲ್ಲಿ ತೇಲುವ ಹಾಗೆ ಕಂಬದ ಮೇಲೆ ಡೆಕ್. ಬೆಂಕಿ ಇಳಿಯುವಾಗ ನಿಧಾನ, ಹತ್ತುವಾಗ ವೇಗ. ಇಳಿಜಾರು ಹತ್ತು ಡಿಗ್ರಿ ಹೆಚ್ಚಾದರೆ ಬೆಂಕಿಯ ವೇಗ ಸುಮಾರು ಎರಡರಷ್ಟು ಅನ್ನುವುದು ಆಸ್ಟ್ರೇಲಿಯದವರ ಲೆಕ್ಕ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಗೋಪಾಲಸ್ವಾಮಿ ಬೆಟ್ಟದ ಕಡೆ ಬೆಂಕಿ ಹತ್ತಿದ ವಿಡಿಯೋಗಳನ್ನು ನೀವೆಲ್ಲ ನೋಡಿದ್ದೀರಿ. ನಮ್ಮ ಮನೆ ಗುಡ್ಡದ ಬುಡದಲ್ಲಿ ಇದ್ದದ್ದು ನಮ್ಮ ಪುಣ್ಯ. ತುದಿಯಲ್ಲಿ ಕಂಬದ ಮೇಲಿನ ಡೆಕ್ ಅಂದರೆ ಕೆಳಗಿನಿಂದ ಬರುವ ಉರಿಗೆ ಚಪ್ಪರ ಹಾಕಿಕೊಟ್ಟ ಹಾಗೆ. ಮಾಡಿಸಲೇಬೇಕಾದರೆ ಕಂಬ, ತೊಲೆ ಸ್ಟೀಲಿನವು, ಮೇಲೆ ಸಿಮೆಂಟ್ ಅಥವಾ ಕಲ್ಲು, ಕೆಳಗಿನ ಹುಲ್ಲನ್ನು ಪ್ರತಿ ಡಿಸೆಂಬರಿನಲ್ಲಿ ಕೊಯ್ಯಿಸಬೇಕು. ಕೆಳಗೆ ಸೌದೆ, ಗ್ಯಾಸ್ ಸಿಲಿಂಡರ್, ಹಳೇ ಸೋಫಾ ಇಡಬಾರದು. ಮತ್ತು ಆ ಡೆಕ್ಕೇ ಮನೆಯಿಂದ ಹೊರಬರುವ ಒಂದೇ ದಾರಿ ಆಗಿರಬಾರದು.

ಭಾರತೀಯ ಅರಣ್ಯ ಸರ್ವೇಕ್ಷಣದವರು ಉಪಗ್ರಹದಿಂದ ಕಾಳ್ಗಿಚ್ಚಿನ ಎಚ್ಚರಿಕೆ ಕಳಿಸ್ತಾರೆ, ಹೆಸರು ನೋಂದಾಯಿಸಿದರೆ ಮೊಬೈಲಿಗೆ ಬರುತ್ತೆ. ಐಟಿಯವಳಾಗಿ ನಾನು ಅದನ್ನೂ ಮಾಡಿದೆ. ಆದರೆ ಆ ಉಪಗ್ರಹದ ಒಂದು ಚುಕ್ಕೆ ಅಂದರೆ ನೆಲದ ಮೇಲೆ 375 ಮೀಟರ್. ನಮ್ಮ ಗುಡ್ಡದ ಸಣ್ಣ ಬೆಂಕಿ ಅದರ ಕಣ್ಣಿಗೆ ಬೀಳುತ್ತೆ ಅಂತ ನಂಬಿ ಕೂರುವ ಹಾಗಿಲ್ಲ. ಅತ್ತೆಯ ಮೂಗೇ ವಾಸಿ. ಈಗ ಗುಡ್ಡದಲ್ಲಿ ಹೊಗೆ ಕಂಡರೆ ನಮ್ಮನೆಯ ನಿಯಮ ಏನೆಂದರೆ, 101ಕ್ಕೆ ಫೋನು, ಮಾವ ಮುಂದಿನ ಕೋಣೆಗೆ, ಹಿತ್ತಲಿನ ಕಾಲೊರೆಸು, ಕುರ್ಚಿಯ ದಿಂಬು ಎಲ್ಲಾ ಒಳಗೆ. ಬೆಂಕಿ ಆರಿದ ಮೇಲೂ ಎರಡು ಮೂರು ಗಂಟೆ ಯಾರಾದರೊಬ್ಬರು ಮನೆ ಸುತ್ತ ನೋಡ್ತಾ ಇರಬೇಕು. ಹೊಸ ಪೈಪು ಈಗ ಕಾಂಪೌಂಡಿನ ತುದಿಯವರೆಗೆ ಮುಟ್ಟುತ್ತೆ.

ನಮ್ಮ ಸಾಲಿನಲ್ಲಿ ಇನ್ನೂ ನಾಲ್ಕು ಮನೆಗಳಿಗೆ ಅದೇ ಕೆಲಸಗಾರರು ಮಾಡಿದ ಅದೇ ಪೈನ್ ಡೆಕ್ ಇದೆ. ಸೊಸೈಟಿ ಸಭೆಯಲ್ಲಿ ಎರಡು ಸಲ ಹೇಳಿದೆ. ಒಬ್ಬರು ಹಲಗೆ ಎತ್ತಿಸಿ ಕೆಳಗೆ ಗುಡಿಸಿ, ಸುತ್ತಲೂ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಹೊಡೆಸಿದರು. ಖರ್ಚು ಕಡಿಮೆ, ತಕ್ಷಣ ಆಗುವ ಕೆಲಸ, ಡೆಕ್ ಬದಲಿಸಲಾಗದವರು ಇದನ್ನಾದರೂ ಮಾಡಬಹುದು. ಉಳಿದ ಮೂವರು "ನೋಡೋಣ" ಅಂದಿದ್ದಾರೆ. ಗೋಡೆಗೆ ಗೋಡೆ ಅಂಟಿದ ಮನೆಗಳು, ಅವರ "ನೋಡೋಣ" ನನ್ನ ಸಮಸ್ಯೆಯೂ ಹೌದು. ಈ ಡಿಸೆಂಬರಿನಲ್ಲಿ ಮತ್ತೆ ಕೇಳ್ತೀನಿ.

ಫರಶಿಯ ಎರಡು ತುಂಡು, ಸುಟ್ಟ ತೊಲೆಯ ಒಂದು ತುಂಡು, ಆ ಸರಿಯಾದ ವರದಿಯ ಪ್ರತಿ ತಂದಿದ್ದೇನೆ, ಹಿಂದಿನ ಮೇಜಿನ ಮೇಲೆ ಇವೆ. ತೊಲೆ ಮುಟ್ಟಿದರೆ ಕೈ ಕಪ್ಪಾಗುತ್ತೆ, ಚಹಾ ಕುಡಿದ ಮೇಲೆ ಮುಟ್ಟಿ.